ಲಿಪಿನಿರ್ಮಾಣದ ಹೊಣೆ

ಸ್ವಂತ ಲಿಪಿಯಿಲ್ಲದ ಭಾಷೆಯು ಅಪೂರ್ಣವೆಂದು ಭಾವಿಸುವುದು ವಿದ್ಯಾವಂತರಲ್ಲಿಯೂ ರೂಢವಾಗಿರುವ ಒಂದು ಅವಿಚಾರ. ಇಂಗ್ಲಿಷಿಗೆ ಸ್ವಂತ ಲಿಪಿಯಿಲ್ಲ. ಮರಾಠಿಯೂ ದೇವನಾಗರಿಯನ್ನು ಸಂಸ್ಕೃತ ಹಿಂದಿಗಳೊಡನೆ ಹಂಚಿಕೊಂಡಿರುವುದು. ಶಿವಮೊಗ್ಗೆಯ ಸಮೀಪದ ಮತ್ತೂರಿನ ಸಂಕೇತಿಗಳು ತಮ್ಮ ಮನೆಮಾತನ್ನು ಬರೆಯಬೇಕಾದಾಗ ಕನ್ನಡದ ಅಕ್ಷರಗಳನ್ನೇ ಬಳಸುವರು. ಅದರಿಂದ ಆ ಮಾತಿನ ಇಂಪಿಗೆ ಕುಂದೇನೂ ಬಂದಿಲ್ಲ. ಆದರೆ ಕೊಡಗಿನಲ್ಲಿ ಈ ಪ್ರಶ್ನೆಯು ಮನಸ್ಸನ್ನು ಕಲಕುವ ರೂಪವನ್ನು ತಳೆದಿದೆ.

ಕೊಡವವನ್ನು ಮಾತೃಭಾಷೆಯೆಂದು ಹೇಳಿದವರು 2001ರ ಜನಗಣತಿಯಲ್ಲಿ 1,66,187 ಮಂದಿ, 2011ರಲ್ಲಿ 1,13,857. ಹೀಗೆ ಕರಗುತ್ತಿರುವ ಮಾತಿಗೆ ತನ್ನದೇ ಆದ ಅಕ್ಷರರೂಪವಿದ್ದರೆ ಉಳಿದೀತೆಂಬ ಆಸೆ ಹುಟ್ಟಿದುದು ಸಹಜವೇ. ಐ. ಮಾ. ಮುತ್ತಣ್ಣನವರು 1970ರಲ್ಲಿ ಒಂದು ಲಿಪಿಯನ್ನು ರಚಿಸಿದರು. 2005ರಲ್ಲಿ ಗ್ರೆಗ್ ಕಾಕ್ಸ್ ಎಂಬ ಪಾಶ್ಚಾತ್ಯ ಭಾಷಾವಿದರು, ಕೆಲವರ ಕೋರಿಕೆಯ ಮೇರೆಗೆ, ಇನ್ನೊಂದನ್ನು ಕೊಟ್ಟರು. ಕೊಡವ ಸಾಹಿತ್ಯ ಅಕಾಡೆಮಿಯು 2022ರಲ್ಲಿ ಮುತ್ತಣ್ಣನವರ ಲಿಪಿಯನ್ನು ಅಂಗೀಕರಿಸಿತು. ಹೊಸ ಲಿಪಿಯ ಪಕ್ಷದವರ ವಾದ ಬರಿಯ ಅಭಿಮಾನದ್ದಲ್ಲ. ತುಟಿಯನ್ನು ದುಂಡಾಗಿಸದೆ, ನಾಲಗೆಯ ನಡುಭಾಗದಿಂದ ಉಚ್ಚರಿಸುವ ಕೆಲವು ಸ್ವರಗಳು, ಹ್ರಸ್ವವಾಗಿಯೂ ದೀರ್ಘವಾಗಿಯೂ, ಕೊಡವದಲ್ಲುಂಟು. ಕನ್ನಡದ ವರ್ಣಮಾಲೆಯಲ್ಲಿ ಅವಕ್ಕೆ ಸ್ಥಾನವಿಲ್ಲ.

ಆದರೆ ಈ ಕೊರತೆ ನೀಗಲು ಇಡೀ ಲಿಪಿಯನ್ನೇ ಹೊಸದಾಗಿ ಕಟ್ಟಬೇಕೆ? ಎಸ್ಪೆರಾಂಟೊ ಎಂಬ ಕಲ್ಪಿತಭಾಷೆಯನ್ನು 1887ರಲ್ಲಿ ಪ್ರಕಟಿಸಿದ ಜಾಮೆನ್‌ಹಾಫನ ನಡತೆ ಇಲ್ಲಿ ವಿಚಾರಾರ್ಹ. ಭಾಷೆಯನ್ನೇ ಸೃಷ್ಟಿಸಿದಾತನಿಗೆ ಲಿಪಿಯೊಂದು ಅಸಾಧ್ಯವಾಗುತ್ತಿತ್ತೆ? ಆದರೂ ಆತನು ರೋಮನ್ ಅಕ್ಷರಗಳನ್ನೇ ಸ್ವೀಕರಿಸಿ, ಆರಕ್ಕೆ ಮಾತ್ರ ನೆತ್ತಿಯ ಮೇಲೊಂದು ಚಿಹ್ನೆಯನ್ನಿಟ್ಟನು. ಆ ಆರರ ಅಚ್ಚುಮೊಳೆಗಳೂ ದೊರೆಯದೆ ಮುದ್ರಕರು ಪೇಚಾಡಿದರೆಂಬುದು ಬೇರೆ ಮಾತು! ಹನ್ನೆರಡನೆಯ ಶತಮಾನದ ಜರ್ಮನ್ ಸಂನ್ಯಾಸಿನಿ ಹಿಲ್ಡೆಗಾರ್ಡಳು ಸುಮಾರು ಸಾವಿರ ಪದಗಳ ತನ್ನ ಗೂಢಭಾಷೆಯೊಡನೆ 23 ಅಕ್ಷರಗಳನ್ನೂ ಕಲ್ಪಿಸಿದಳು. ಕಾದಂಬರಿಕಾರ ಟೋಲ್ಕಿನ್ನನೂ ತನ್ನ ಕಥಾಲೋಕಕ್ಕೆ ಸುಂದರವಾದ ಲಿಪಿಗಳನ್ನು ಮಾಡಿದನು. ಅಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆ ಭಾಷೆಗಳಲ್ಲಿ ಯಾವ ಅಜ್ಜಿಯೂ ಮೊಮ್ಮಗನಿಗೆ ಕಾಗದ ಬರೆದವಳಲ್ಲ.

ಹೊಸ ಲಿಪಿಯು ಎಲ್ಲೆಡೆಯೂ ವ್ಯರ್ಥವೆಂದು ಇದರಿಂದ ಸಿದ್ಧವಾಗುವುದಿಲ್ಲ. ಪಂಡಿತ ರಘುನಾಥ ಮುರ್ಮು 1925ರಲ್ಲಿ ಸಂತಾಲಿ ಭಾಷೆಗೆ ಓಲ್ ಚಿಕಿ ಲಿಪಿಯನ್ನು ರಚಿಸಿದಾಗ, ಆ ಜನರು ಬಂಗಾಳಿ, ಒಡಿಯಾ, ರೋಮನ್ ಲಿಪಿಗಳ ನಡುವೆ ಹಂಚಿಹೋಗಿದ್ದರು. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಲಾರದ ಸ್ಥಿತಿಯಲ್ಲಿ ಹೊಸ ಅಕ್ಷರವು ಒಗ್ಗೂಡಿಸುವ ಸೂತ್ರವಾಗಬಲ್ಲುದು. ಕೊಡಗಿನ ಸ್ಥಿತಿ ಇದಕ್ಕೆ ವಿಪರೀತ. ಅಪ್ಪಚ್ಚ ಕವಿಯ ನಾಟಕಗಳೂ, ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ಪಟ್ಟೋಲೆ ಪಳಮೆಯೂ ಕನ್ನಡ ಲಿಪಿಯಲ್ಲಿಯೇ ಇವೆ; ಓದುವವರು ಈಗಾಗಲೇ ಒಂದಾಗಿರುವರು. ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿಗೆ ಆ ಗ್ರಂಥಗಳು ಮುಚ್ಚಿಹೋಗಲಾರವು, ನಿಜ. ಆದರೆ ಆ ಮಗು ಹೊಸ ಅಕ್ಷರದಲ್ಲಿ ಬರೆದುದನ್ನು ಮನೆಯ ಹಿರಿಯರು ಓದಬಲ್ಲರೆ? ಓದುಗರು ಮೊದಲೇ ವಿರಳವಾದ ಭಾಷೆಗೆ ಇದು ಅಲ್ಪವಾದ ಬೆಲೆಯಲ್ಲ. ಅದನ್ನು ತೆರುವವನು ಲಿಪಿಕಾರನೂ ಅಲ್ಲ. ಸ್ವರಗಳ ಕೊರತೆಯು ಕನ್ನಡದಕ್ಷರಕ್ಕೆ ಸೇರಿಸುವ ಒಂದೆರಡು ಗುರುತುಗಳಿಂದ ತೀರುವಂತಿದ್ದರೆ, ಮೊದಲು ಪರೀಕ್ಷಿಸಬೇಕಾದುದು ಆ ದಾರಿಯನ್ನೇ. ಅದು ಸಾಲದೆಂದು ಕಂಡು ಹೊಸ ಲಿಪಿಯೇ ಬೇಕೆನ್ನುವವರು ಪಟ್ಟೋಲೆ ಪಳಮೆಯನ್ನು ಎರಡು ಲಿಪಿಗಳಲ್ಲಿ, ಎದುರುಬದುರು ಪುಟಗಳಲ್ಲಿ ಅಚ್ಚುಮಾಡಿಸಿ ಮನೆಮನೆಗೆ ಮುಟ್ಟಿಸುವ ಭಾರವನ್ನೂ ಹೊರಬೇಕಾಗುವುದು.