ಪೆಟ್ಟಿಗೆಯಲ್ಲಿಟ್ಟ ಇಕ್ಕಳ

ಒಳ್ಳೇ ವಸ್ತುವನ್ನು ಪ್ರೀತಿಸುವದು ತಪ್ಪೋ? ಈ ಪ್ರಶ್ನೆಗೆ ಯಾರೂ ಥಟ್ಟನೆ ಹೌದೆಂದು ಹೇಳಲಾರರು. ಕಮ್ಮಾರನು ಮನಸ್ಸಿಟ್ಟು ಬಡಿದ ಕುಡುಗೋಲು ಹತ್ತು ಬೆಳೆಗಳನ್ನು ಕೊಯ್ದ ಮೇಲೆಯೂ ಹದವಾಗಿಯೇ ಇರುವದಾದರೆ, ಅದನ್ನು ಹಿಡಿದವನು ಆ ಕಮ್ಮಾರನ ವಿಷಯದಲ್ಲಿ ಒಂದು ಒಳ್ಳೇ ಮಾತನ್ನಾಡದೆ ಇರುವದಿಲ್ಲ. ಆಡದಿದ್ದರೆ ಅವನು ಕೃತಘ್ನನೇ ಸರಿ. ಆದರೆ ಕುಲುಮೆ ಮುಚ್ಚಿತು, ಇನ್ನು ಮೇಲೆ ಅಂಥ ಕುಡುಗೋಲು ಸಿಕ್ಕುವದಿಲ್ಲ ಎಂದು ತಿಳಿದಾಗ ನಮ್ಮ ಪ್ರೀತಿಯು ಯಾವ ರೂಪವನ್ನು ತಾಳುತ್ತದೆ? ಅದರ ಪರೀಕ್ಷೆ ಆಗುವದು ಅಲ್ಲಿಯೇ. ಈ ಸಂಗತಿಯನ್ನು ನಮ್ಮ ಕೈಗೆ ಬಂದ ಒಂದು ಚಿಕ್ಕ ಉಪಕರಣದ ಮೂಲಕ ವಿಚಾರಿಸೋಣ.

ಅಮೇರಿಕದ ಒರೆಗಾನ್ ಸಂಸ್ಥಾನದವರಾದ ಟಿಮ್ ಲೆದರ್‌ಮನ್ ಎಂಬವರು 1975ನೇ ಇಸವಿಯಲ್ಲಿ ತಮ್ಮ ಪತ್ನಿಯೊಡನೆ ಯೂರೋಪಿನಲ್ಲಿ ಒಂದು ಹಳೇ ಫಿಯಟ್ ಕಾರಿನಲ್ಲಿ ಸಂಚರಿಸುತ್ತಿದ್ದರು. ಕೈಯಲ್ಲಿದ್ದ ಹಣ ಸ್ವಲ್ಪ. ಕಾರು ಆಗಾಗ್ಗೆ ಕೆಡುತ್ತಿತ್ತು. ಅಗ್ಗದ ಹೋಟೆಲುಗಳಲ್ಲಿ ನೀರಿನ ಕೊಳವೆಗಳು ಸೋರುತ್ತಿದ್ದವು. ಅವರ ಜೇಬಿನಲ್ಲಿ ಒಂದು ಮಡಚುವ ಚೂರಿ ಇತ್ತು. ಆದರೆ ಅನೇಕ ಸಾರಿ ಬೇಕಾದದ್ದು ಚೂರಿಯಲ್ಲ, ಇಕ್ಕಳ. ಇಕ್ಕಳವನ್ನೂ ಒಳಗೊಂಡ ಚೂರಿ ಯಾಕೆ ಇರಬಾರದೆಂದು ಅವರು ಯೋಚಿಸಿದರು. ಊರಿಗೆ ಹಿಂದಿರುಗಿ ಒಂದು ತಿಂಗಳಲ್ಲಿ ಮಾಡಿ ಮುಗಿಸುವೆನೆಂದು ಎಣಿಸಿದ ಕೆಲಸಕ್ಕೆ ಮೂರು ವರುಷಗಳು ಹಿಡಿದವು. ಆ ಕಾಲದಲ್ಲಿ ಪತ್ನಿಯ ಸಂಪಾದನೆಯೇ ಸಂಸಾರಕ್ಕೆ ಆಧಾರವಾಗಿತ್ತು. 1980ರಲ್ಲಿ ಪೇಟೆಂಟ್ ದೊರೆಯಿತು. ಆದರೂ ಕೊಳ್ಳುವವರಿಲ್ಲ. ಚೂರಿಯ ಕಂಪೆನಿಯವರು ಇದು ಚೂರಿಯಲ್ಲವೆಂದರು; ಉಪಕರಣದ ಕಂಪೆನಿಯವರು ಇದು ಉಪಕರಣವಲ್ಲವೆಂದರು. ಕೊನೆಗೆ ಸ್ಟೀವ್ ಬರ್ಲಿನರ್ ಎಂಬ ಸ್ನೇಹಿತರೊಡನೆ ಕೂಡಿ, ಅದನ್ನು ಇನ್ನೂ ಸರಳವಾಗಿ ಮಾಡಿ, 1983ರಲ್ಲಿ ಅಂಚೆಯ ಮೂಲಕ ಮಾರುವ ಒಂದು ವ್ಯಾಪಾರಸ್ಥರಿಗೆ ಮೊದಲಾಗಿ ಒದಗಿಸಿದರು. ಆ ಉಪಕರಣಕ್ಕೆ ಪಾಕೆಟ್ ಸರ್ವೈವಲ್ ಟೂಲ್ ಎಂದು ಹೆಸರು. ಬಳಸುವವರು ಅದನ್ನು ಪಿ.ಎಸ್.ಟಿ. ಎಂದು ಕರೆಯುತ್ತಾರೆ.

ಮಡಚಿದಾಗ ಅದರ ಉದ್ದ ನಾಲ್ಕು ಅಂಗುಲ, ತೂಕ ಸುಮಾರು ಐದು ಔನ್ಸು. ತುಕ್ಕು ಹಿಡಿಯದ ಉಕ್ಕಿನ ತಗಡನ್ನು ಬಾಗಿಸಿ ಮಾಡಿದ ಎರಡು ಹಿಡಿಗಳು. ಅವುಗಳನ್ನು ಬಿಡಿಸಿದರೆ ನಡುವೆ ಚೂಪು ಮೂತಿಯ ಇಕ್ಕಳ, ಅದರ ಬುಡದಲ್ಲಿ ತಂತಿ ಕತ್ತರಿಸುವ ಬಾಯಿ. ಹಿಡಿಗಳ ಹೊಟ್ಟೆಯಲ್ಲಿ ಚೂರಿ, ಅರ, ದಬ್ಬಣ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂ ತಿರುಗಿಸುವ ಅಲಗುಗಳು. ಹಿಡಿಯ ಪಕ್ಕದಲ್ಲಿ ಅಳತೆಯ ಗೆರೆಗಳು. ಇದರಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಒಂದೂ ಇಲ್ಲ. ಇಪ್ಪತ್ತು ವರುಷಗಳ ಮೇಲೆ ಅದನ್ನು ಮಾಡಿ, 2004ರಲ್ಲಿ ಕಂಪೆನಿಯವರು ನಿಲ್ಲಿಸಿದರು. ಯಾಕಂದರೆ 1998ರಲ್ಲಿ ಅವರೇ ವೇವ್ ಎಂಬ ಹೊಸ ಉಪಕರಣವನ್ನು ಹೊರಡಿಸಿದ್ದರು; ಅದರ ಚೂರಿಯನ್ನು ಹಿಡಿ ಬಿಚ್ಚದೆ ಒಂದೇ ಕೈಯಿಂದ ತೆರೆಯಬಹುದು, ತೆರೆದ ಮೇಲೆ ಅದು ಬಿಗಿಯಾಗಿ ನಿಲ್ಲುವದು. ಹಳೆಯದರ ಮೊದಲ ರೂಪಕ್ಕೆ ಆ ಅನುಕೂಲ ಇರಲಿಲ್ಲ. ಅದಲ್ಲದೆ ಬಲವಾಗಿ ಅದುಮಿದರೆ ಹಿಡಿಯ ಅಂಚು ಅಂಗೈಯನ್ನು ಕೊರೆಯುತ್ತಿತ್ತು.

ಹೀಗಿದ್ದರೂ ಅದನ್ನು ಕೊಂಡಾಡುವವರು ಇಂದಿಗೂ ಅನೇಕರು. ಬಳಸದೆ ಪೆಟ್ಟಿಗೆಯಲ್ಲಿಯೇ ಉಳಿದ ಪಿ.ಎಸ್.ಟಿ.ಗಳನ್ನು ಹುಡುಕಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ಅಂಥವರಲ್ಲಿ ನಾವೂ ಒಬ್ಬರೆಂದು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಬಹುಕಾಲ ಬಳಸಿದ ಒಂದು ಇತ್ತು. ಅದು ಕಳೆದುಹೋದರೆ ಏನು ಗತಿ ಎಂಬ ಚಿಂತೆಯಿಂದ, ಯಾರೂ ಮುಟ್ಟದ ಮತ್ತೊಂದನ್ನು ಕೊಂಡು, ಬಟ್ಟೆಯಲ್ಲಿ ಸುತ್ತಿ, ಕಪಾಟಿನ ಒಳಗೆ ಭದ್ರವಾಗಿಟ್ಟೆವು. ತಿಂಗಳಿಗೊಂದು ಸಾರಿ ತೆಗೆದು ನೋಡಿ ಸಂತೋಷಪಡುತ್ತಿದ್ದೆವು.

ಒಂದು ಮಳೆಯ ಸಂಜೆ ಹುಡುಗನೊಬ್ಬನು ಬಾಗಿಲಿಗೆ ಬಂದನು. ಅವನ ಸೈಕಲಿನ ಬ್ರೇಕಿನ ತಂತಿ ಜಾರಿತ್ತು. ತಂತಿಯನ್ನು ಎಳೆದು ಹಿಡಿಯಲು ಒಂದು ಇಕ್ಕಳವನ್ನು ಕೇಳಿದನು. ನಮ್ಮ ಹಳೆಯದನ್ನು ಆ ದಿನ ಬೇರೊಬ್ಬರು ಒಯ್ದಿದ್ದರು. ಹೊಸದು ಕಪಾಟಿನಲ್ಲಿತ್ತು. ನಾವು ಕ್ಷಣಮಾತ್ರ ಸುಮ್ಮನಿದ್ದು, "ಈಗ ನಮ್ಮಲ್ಲಿ ಇಲ್ಲ" ಎಂದೆವು. ಹುಡುಗನು ನಮಸ್ಕರಿಸಿ, ಆ ಮಳೆಯಲ್ಲಿಯೇ ಇಳಿಜಾರಿನ ದಾರಿಯಲ್ಲಿ ಸೈಕಲನ್ನು ನೂಕಿಕೊಂಡು ಎರಡು ಮೈಲು ನಡೆದುಹೋದನು. ಅವನಿಗೆ ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ ಆ ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ. ಐದು ಔನ್ಸಿನ ಉಕ್ಕಿಗೋಸ್ಕರ ನಾವು ಸುಳ್ಳು ಹೇಳಿದ್ದೆವು.

ಪ್ರಿಯ ವಾಚಕರೇ, ಈ ಪ್ರೀತಿಯನ್ನು ಬಿಚ್ಚಿ ನೋಡಿದರೆ ಅದರಲ್ಲಿ ಮೂರು ಎಳೆಗಳು ಹೊಸೆದಿರುವದು ಕಾಣುತ್ತದೆ. ಮೊದಲನೆಯದು ಕೃತಜ್ಞತೆ: ಯಾರೋ ಒಬ್ಬನು ನಮ್ಮ ಮುಖವನ್ನು ಕಾಣದೆಯೇ ನಮ್ಮ ಕೆಲಸವು ಚೆನ್ನಾಗಿ ಆಗಲೆಂದು ವರುಷಗಟ್ಟಲೆ ಶ್ರಮಪಟ್ಟನು, ಆ ಶ್ರಮವನ್ನು ಗುರುತಿಸುವದು ಯೋಗ್ಯವೇ. ಎರಡನೆಯದು ದುಃಖ: ಒಳ್ಳೆಯದೊಂದು ಮುಗಿಯಿತೆಂಬ ದುಃಖ; ಇದರಲ್ಲಿಯೂ ದೋಷವಿಲ್ಲ. ಮೂರನೆಯದು ಭಯ: ಇನ್ನು ಸಿಕ್ಕದು, ಹಿಡಿದುಕೋ, ಬಿಡಬೇಡ ಎಂಬ ಭಯ. ಮೊದಲಿನ ಎರಡರ ವೇಷವನ್ನು ಹಾಕಿಕೊಂಡು ಈ ಮೂರನೆಯದು ಮನೆಯೊಳಗೆ ಬರುತ್ತದೆ. ಕೃತಜ್ಞತೆಯು ಕೈಯನ್ನು ತೆರೆಯಿಸುತ್ತದೆ, ಭಯವು ಮುಚ್ಚಿಸುತ್ತದೆ. ನಮ್ಮಲ್ಲಿ ಯಾವದು ಆಳುತ್ತದೆಂದು ಇದರಿಂದಲೇ ತಿಳಿಯಬಹುದು.

ಇದಕ್ಕೆ ಕೆಲವರು ಹೇಳುವದೇನಂದರೆ: ಎಲ್ಲರೂ ಬಳಸಿ ಸವೆಸಿಬಿಟ್ಟರೆ ಮುಂದಿನವರಿಗೆ ಒಳ್ಳೇ ಕೆಲಸದ ಮಾದರಿ ಎಲ್ಲಿ ಉಳಿಯುವದು? ಯಾರಾದರೂ ಒಬ್ಬರು ಒಂದನ್ನು ಕಾಪಾಡಬೇಡವೋ? ಈ ಮಾತಿನಲ್ಲಿ ನ್ಯಾಯವಿದೆ. ಎಲ್ಲರೂ ನೋಡಿ ಕಲಿಯುವಂತೆ ವಸ್ತುಸಂಗ್ರಹಾಲಯದಲ್ಲಿ ಇಡುವದು ಸಮಾಜಕ್ಕೆ ಮಾಡಿದ ಉಪಕಾರ. ಆದರೆ ನಮ್ಮ ಕಪಾಟಿಗೆ ಬೀಗವಿತ್ತು, ನೋಡುವವರು ನಾವೊಬ್ಬರೇ. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಎಂಬ ಗಾದೆಯ ಅವಸ್ಥೆಯನ್ನು ಕಾಲವು ತಾನಾಗಿ ತರುವದುಂಟು. ನಾವಾದರೋ ಅದನ್ನು ಹಣ ಕೊಟ್ಟು ತಂದುಕೊಂಡೆವು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಆ ಕಂಪೆನಿಯವರು ತಮ್ಮ ಉಪಕರಣಕ್ಕೆ 25 ವರುಷಗಳ ಖಾತರಿಯನ್ನು ಕೊಟ್ಟರು: ಸರಿಯಾಗಿ ಬಳಸಿಯೂ ಕೆಟ್ಟರೆ ದುರಸ್ತಿ ಮಾಡುವೆವು, ಇಲ್ಲವೆ ಬದಲು ಕೊಡುವೆವು ಎಂಬದು ಅದರ ಸಾರ. ನಿಂತುಹೋದ ಉಪಕರಣವು ದುರಸ್ತಿಯಾಗದಿದ್ದರೆ ಅದಕ್ಕೆ ಬದಲಾಗಿ ಬೇರೊಂದು ಜಾತಿಯದನ್ನು ಕಳುಹಿಸುತ್ತಾರೆ. ಹಳೆಯದನ್ನೇ ಅತಿಯಾಗಿ ಮೆಚ್ಚಿದವರು ಇದಕ್ಕೆ ಅಂಜಿ, ಕೆಟ್ಟದ್ದನ್ನೂ ಕಳುಹಿಸದೆ ಇಟ್ಟುಕೊಳ್ಳುತ್ತಾರೆ. ಹೀಗಿರಲಾಗಿ ಮಾಡಿದವನು ವಾಗ್ದಾನಮಾಡಿದ್ದು ಒಂದೇ ತುಂಡು ಉಕ್ಕು ಎಂದೆಂದಿಗೂ ಉಳಿಯುವದೆಂದಲ್ಲ. ಬಳಸುವವನ ಕೈ ಬರಿದಾಗಿರಬಾರದೆಂದೇ. ವಸ್ತುವಿಗಿಂತ ಕೆಲಸವನ್ನು ಅವನು ದೊಡ್ಡದೆಂದು ಎಣಿಸಿದನು. ಅವನ ಅಭಿಮಾನಿಗಳಾದ ನಾವು ಅದನ್ನು ತಿರುವುಮುರುವು ಮಾಡಿದೆವು.

ಈ ಉಪಕರಣವು ಹುಟ್ಟಿದ ಕಾರಣವನ್ನು ಮತ್ತೊಮ್ಮೆ ನೆನೆಯಿರಿ. 1975ರಲ್ಲಿ ಲೋಕದಲ್ಲಿ ಇಕ್ಕಳಗಳಿಗೆ ಕೊರತೆ ಇರಲಿಲ್ಲ. ಬೇಕಾದ ಗಳಿಗೆಯಲ್ಲಿ ಕೈಯ ಹತ್ತಿರ ಇರಲಿಲ್ಲವೆಂಬದೇ ಆ ಪ್ರವಾಸಿಯ ಕಷ್ಟ. ಆ ಕೊರತೆಯನ್ನು ನೀಗಿಸುವದಕ್ಕಾಗಿ ಅವನು ಮಾಡಿದ್ದನ್ನು ನಾವು ಬೀಗದೊಳಗಿಟ್ಟು, ಬಾಗಿಲಿಗೆ ಬಂದ ಹುಡುಗನಿಗೆ ಅದೇ ಕೊರತೆಯನ್ನು ಹಿಂದಕ್ಕೆ ಕೊಟ್ಟೆವು. ಪೆಟ್ಟಿಗೆಯಲ್ಲಿಟ್ಟ ಇಕ್ಕಳವೂ ಇಲ್ಲದ ಇಕ್ಕಳವೂ ಕೇಳುವವನಿಗೆ ಒಂದೇ.

ಮರುದಿನ ನಾವು ಆ ಬಟ್ಟೆಯನ್ನು ಬಿಚ್ಚಿ, ಕೀಲಿಗೆ ಒಂದು ತೊಟ್ಟು ಎಣ್ಣೆಯನ್ನು ಹಾಕಿ, ಹುಡುಗನ ಮನೆಗೆ ಹೋಗಿ, ನಿಜವನ್ನು ಹೇಳಿ, ಬ್ರೇಕಿನ ತಂತಿಯನ್ನು ಎಳೆದು ಬಿಗಿದು ಬಂದೆವು. ಅವನು ನಮ್ಮ ತಪ್ಪಿನ ಮಾತನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಉಪಕರಣವನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದನು. ಅದರ ಹಿಡಿಯ ಮೇಲೆ ಈಗ ನಾಲ್ಕಾರು ಗೀರುಗಳು ಬಿದ್ದಿವೆ. ನಮ್ಮ ಜೇಬಿನಲ್ಲಿ ಹಳೆಯದು ಇದೆ. ಎರಡನೆಯದು ಬಾಗಿಲ ಹತ್ತಿರದ ಮೊಳೆಗೆ ತೂಗುತ್ತದೆ, ಯಾರಾದರೂ ಕೇಳಿ ಒಯ್ಯಬಹುದು. ಒಂದು ದಿನ ಅದು ಹಿಂದಿರುಗಿ ಬಾರದೆ ಹೋದೀತು. ಹೋದರೆ ಎಲ್ಲಿಯೋ ಒಬ್ಬನ ಕೈಯಲ್ಲಿ ತಂತಿಯನ್ನು ಹಿಡಿಯುತ್ತಿರುವದು. ಅದು ಮಾಡಲ್ಪಟ್ಟದ್ದು ಅದಕ್ಕೋಸ್ಕರವೇ.