ನಿಂತ ಲಾರಿಯ ಸೊನ್ನೆ

ಟಾಟಾದವರು 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿದರೂ ಜನರ ಬಾಯಲ್ಲಿ ಅದು ಬೆಂಜ್ ಲಾರಿಯಾಗಿಯೇ ಉಳಿಯಿತು. ಅಂಥ ಹಳೆಯ ಲಾರಿಗೆ ಹೊಸ ಡಿಜಿಟಲ್ ಮೀಟರ್ ಕೂರಿಸುವಾಗ, ಮಿಸ್ತ್ರಿ ಬಿಚ್ಚಿಟ್ಟ ಹಳೆಯ ಸ್ಪೀಡೋಮೀಟರನ್ನು ಕೈಯಲ್ಲಿ ಹಿಡಿದು ನೋಡಬೇಕು.

ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಅದರೊಳಗೆ ಒಂದು ಪುಟ್ಟ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಮುಳ್ಳು, ಮುಳ್ಳನ್ನು ಹಿಂದಕ್ಕೆಳೆಯಲು ತೆಳುವಾದ ಸುರುಳಿ ಸ್ಪ್ರಿಂಗು. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಬರೀ ಗಾಳಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಒಂದು ತಿರುಗಿದರೆ ಇನ್ನೊಂದು ಹಿಂದೆಯೇ ಹೊರಡುತ್ತದೆ. ಲೋಹದ ತಟ್ಟೆಯೂ ಅಯಸ್ಕಾಂತವೂ ಹೀಗೆ ಮುಟ್ಟದೆಯೇ ಒಂದನ್ನೊಂದು ಎಳೆಯುವುದನ್ನು ಫ್ರಾನ್ಸಿನ ವಿಜ್ಞಾನಿ ಅರಾಗೊ 1820ರ ದಶಕದಲ್ಲಿ ಕಂಡು ಬೆರಗಾದ. ಲೋಹದಲ್ಲಿ ವಿದ್ಯುತ್ತಿನ ಸುಳಿಗಳು ಏಳುತ್ತವೆ, ಎಳೆಯುವುದು ಅವೇ ಎಂಬುದು 1831ರ ಫ್ಯಾರಡೆಯ ಪ್ರಯೋಗಗಳಿಂದ ತಿಳಿಯಿತು. 1902ರಲ್ಲಿ ಒಟ್ಟೊ ಶುಲ್ಜೆ ಅದನ್ನೇ ವೇಗದ ಮೀಟರ್ ಮಾಡಿದ.

ಆದರೆ ಈ ಮುಳ್ಳಿಗೆ ಗೊತ್ತಿರುವುದು ಗಾಲಿಯ ಸುತ್ತು ಮಾತ್ರ. ಕೆಸರಿನಲ್ಲಿ ಹೂತ ಲಾರಿಯ ಗಾಲಿ ಇದ್ದಲ್ಲೇ ತಿರುಗಿದರೂ ಅದು 40 ತೋರಿಸೀತು.

ಹೊಸ ಮೀಟರುಗಳಲ್ಲಿ ಕೆಲವಕ್ಕೆ ಗಾಲಿಯ ಹಂಗೇ ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಆಂಟೆನಾ ಇಟ್ಟರೆ ಸಾಕು, ಆಕಾಶದ ಉಪಗ್ರಹಗಳಿಂದ ವೇಗ ಇಳಿದು ಬರುತ್ತದೆ. ಅಹಮದಾಬಾದಿನ ಅಂಚಿನ ಬೋಪಾಲ್‌ನಲ್ಲಿ ನಿಂತು ಇದನ್ನು ನೆನೆದರೆ ಬೆರಗು ಇಮ್ಮಡಿಸುತ್ತದೆ. ಖಾಸಗಿ ಬಾಹ್ಯಾಕಾಶ ಉದ್ಯಮಕ್ಕೆ ದಾರಿ ತೋರುವ ಇನ್-ಸ್ಪೇಸ್‌ನ ಕೇಂದ್ರ ಕಚೇರಿ 2022ರಲ್ಲಿ ತೆರೆದದ್ದು ಇಲ್ಲೇ. ಇದೇ ನಗರದ ಇಸ್ರೋ ಬಾಹ್ಯಾಕಾಶ ಅನ್ವಯಿಕ ಕೇಂದ್ರ ರೂಪಿಸಿದ ರುಬಿಡಿಯಂ ಪರಮಾಣು ಗಡಿಯಾರ 2023ರ ಮೇ 29ರಂದು, ಸ್ಥಾನ-ವೇಗ ತಿಳಿಸುವ ನಮ್ಮದೇ ‘ನಾವಿಕ್’ ವ್ಯವಸ್ಥೆಯ ಎನ್‌ವಿಎಸ್-01 ಉಪಗ್ರಹದಲ್ಲಿ ಕುಳಿತು ಮೇಲೇರಿತು. ಹಾಸನ ಜಿಲ್ಲೆಯ ಆಲೂರಿನ ಎ.ಎಸ್. ಕಿರಣ್ ಕುಮಾರ್ 1975ರಲ್ಲಿ ಕೆಲಸಕ್ಕೆ ಸೇರಿದ್ದು ಆ ಕೇಂದ್ರಕ್ಕೇ. ನಾವಿಕ್‌ನ ಏಳನೆಯ ಉಪಗ್ರಹ 2016ರಲ್ಲಿ ಹಾರಿದಾಗ ಅವರು ಇಸ್ರೋ ಅಧ್ಯಕ್ಷರಾಗಿದ್ದರು.

ಉಪಗ್ರಹದ ಅಲೆ ಬರಲು ಹಿಡಿದ ಹೊತ್ತಿನಿಂದಲೇ ದೂರ ಅಳೆಯುವುದು; ಅದರ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಅಳತೆ 300 ಮೀಟರ್ ತಪ್ಪುತ್ತದೆ. ವೇಗ ತಿಳಿಯುವ ಬಗೆ ಇನ್ನೂ ಸೂಕ್ಷ್ಮ. ರೈಲು ಹತ್ತಿರ ಬರುವಾಗ ಅದರ ಕೂಗಿನ ಸ್ವರ ತುಸು ಏರಿ ಕೇಳುವಂತೆ, ಲಾರಿ ಓಡಿದಾಗ ಉಪಗ್ರಹದ ಅಲೆಯೂ ತುಸು ಬದಲಾಗುತ್ತದೆ. ನಾವಿಕ್‌ನ ಒಂದು ಸಂಕೇತ ಸೆಕೆಂಡಿಗೆ 117 ಕೋಟಿಗೂ ಹೆಚ್ಚು ಬಾರಿ ಮಿಡಿಯುತ್ತದೆ. ಗಂಟೆಗೆ 60 ಕಿ.ಮೀ. ಓಡುವ ಲಾರಿ ಅದರಲ್ಲಿ ಹೆಚ್ಚೆಂದರೆ 65 ಮಿಡಿತಗಳ ವ್ಯತ್ಯಾಸ ತರಬಲ್ಲದು. ಅಷ್ಟರಲ್ಲೇ ವೇಗವನ್ನು ಓದಬೇಕು, ಅದೂ ಸುಮಾರು 36,000 ಕಿ.ಮೀ. ದೂರದಿಂದ ಬಂದ ಕ್ಷೀಣ ಅಲೆಯಲ್ಲಿ.

ಆದರೆ ನನ್ನನ್ನು ಹೆಚ್ಚು ಕಾಡುವ ಅಂಕಿ 60 ಅಲ್ಲ, ಲಾರಿ ನಿಂತಾಗ ಮೂಡುವ ಸೊನ್ನೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಹತ್ತಿರವೇ ಇರುವ ಬೋಪಾಲ್, ಭೂಮಿಯ ಜೊತೆ ಗಂಟೆಗೆ 1,500 ಕಿ.ಮೀ.ಗೂ ಮಿಕ್ಕಿ ಪೂರ್ವಕ್ಕೆ ಧಾವಿಸುತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಲಾರಿಯೂ ಧಾವಿಸುತ್ತಿದೆ. ಮೀಟರಿನೊಳಗಿನ ಗಣಿತ ಉಪಗ್ರಹದ ಓಟವನ್ನೂ ಭೂಮಿಯ ತಿರುಗಾಟವನ್ನೂ ಲೆಕ್ಕ ಹಾಕಿ ಕಳೆದ ಮೇಲಷ್ಟೇ ಆ ಸೊನ್ನೆ ಸಿಗುತ್ತದೆ. ಹಳೆಯ ಮುಳ್ಳು ಸುಮ್ಮನೆ ಒರಗಿ ತೋರುತ್ತಿದ್ದ ಸೊನ್ನೆಯನ್ನು ಹೊಸ ಮೀಟರ್ ದುಡಿದು ಗಳಿಸುತ್ತದೆ.

ವೇಗ ಎಂಬುದು ಲಾರಿಯೊಳಗೆ ಎಲ್ಲೂ ಇಲ್ಲ. ಲಾರಿಗೂ ಇನ್ನೊಂದಕ್ಕೂ ನಡುವೆ ಅದು ಇರುತ್ತದೆ. ರಸ್ತೆಗೆ ಹೋಲಿಸಿದರೆ ನಿಂತಿರುವುದು ಸೂರ್ಯನಿಗೆ ಹೋಲಿಸಿದರೆ ಸೆಕೆಂಡಿಗೆ 30 ಕಿ.ಮೀ. ಓಡುತ್ತಿರುತ್ತದೆ. ಯಾವುದರ ಎದುರು ನಮ್ಮನ್ನು ಅಳೆದುಕೊಳ್ಳುತ್ತೇವೆ ಎಂದು ಮೊದಲು ಗೊತ್ತುಮಾಡಿಕೊಳ್ಳದೆ ‘ನಿಂತಿದ್ದೇನೆ’ ಎನ್ನುವ ಹಕ್ಕು ಯಾರಿಗೂ ಇಲ್ಲ.