ಉಂಡ ಮನೆಯ ಜಂತೆ

ಸರ್ಕಾರದ ಕೆಲಸವನ್ನು ಅಳೆಯಲು ಹೊರಟ ಸಂಶೋಧನಾ ಸಂಸ್ಥೆಗೆ ನಾವು ಮೊದಲು ಹಾಕುವ ಪ್ರಶ್ನೆ: ದುಡ್ಡು ಯಾರದು? ಪ್ರಶ್ನೆ ಸರಿಯೇ. ಆದರೆ ಅಲ್ಲಿಗೇ ನಿಂತರೆ ಯಾವ ಸಂಸ್ಥೆಯೂ ಉಳಿಯುವುದಿಲ್ಲ. ಸರ್ಕಾರದ ಅನುದಾನ ಪಡೆದರೆ ಉಂಡ ಮನೆಯ ಜಂತೆ ಎಣಿಸುವ ಮುಜುಗರ. ಉದ್ಯಮಿಗಳಿಂದ ಪಡೆದರೆ ಅವರ ಹಿತ ಕಾಯುವ ಗುಮಾನಿ. ಹೊರದೇಶದಿಂದ ಪಡೆದರೆ ಪರವಾನಗಿಯ ಭಯ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 1973ರಿಂದ ಇರುವ ಸಂಸ್ಥೆ. ವಿದೇಶಿ ದೇಣಿಗೆ ಪಡೆಯಲು ಅದಕ್ಕಿದ್ದ ನೋಂದಣಿ 2024ರ ಜನವರಿಯಲ್ಲಿ ರದ್ದಾಯಿತು. ಋಣವಿಲ್ಲದ ಹಣ ಎಲ್ಲೂ ಸಿಗದು. ಹಾಗಾದರೆ ನಂಬಿಕೆ ಎಲ್ಲಿಂದ ಬರಬೇಕು?

ಯಾರನ್ನು ಟೀಕಿಸುತ್ತದೋ ಅವರೇ ತನ್ನ ತಪ್ಪು ಹಿಡಿಯಲು ಅನುವಾಗುವಂತೆ ಕೆಲಸ ಮಾಡುವ ಸಂಸ್ಥೆಯನ್ನು ನಾನು ನಂಬುತ್ತೇನೆ. ಸರ್ಕಾರದಿಂದ ಅದು ಎಷ್ಟು ದೂರ ಕುಳಿತಿದೆ ಎಂಬುದು ಆಮೇಲಿನ ಮಾತು.

ಇದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ 1993ರಲ್ಲಿ ಇಲ್ಲಿನ ನಾಗರಿಕ ಸೇವೆಗಳ ಬಗ್ಗೆ ಸಮೀಕ್ಷೆ ನಡೆಸಿದರು. ಮರುವರ್ಷ ಅದರಿಂದಲೇ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಹುಟ್ಟಿತು. ಶಾಲಾ ಮಕ್ಕಳ ಅಂಕಪಟ್ಟಿಯಂತೆ ನೀರು, ವಿದ್ಯುತ್, ಪಾಲಿಕೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಎಲ್ಲಕ್ಕೂ ಜನರೇ ಅಂಕ ಕೊಟ್ಟರು. ಬಿಡಿಎ ಕೆಲಸದಿಂದ ತೃಪ್ತರಾದವರು ಶೇ 1. ಪತ್ರಿಕೆಗಳಿಗೆ ಹಬ್ಬ.

ನನಗೆ ಆ ಶೇ 1ಕ್ಕಿಂತ ಮುಖ್ಯವೆನಿಸುವುದು ಪ್ರಶ್ನಾವಳಿ. ಆಡಳಿತ ಹೇಗಿದೆ ಎಂದು ದಾರಿಹೋಕರನ್ನು ಕೇಳಿದರೆ ಸಿಗುವುದು ಆ ದಿನದ ಮನಸ್ಸಿನ ಬಿಸಿಲು-ಮಳೆ. ಇಲ್ಲಿ ಕಚೇರಿಯ ಮೆಟ್ಟಿಲು ಹತ್ತಿದವರನ್ನೇ ಹಿಡಿದು ಕೇಳಿದರು: ಎಷ್ಟು ಸಲ ಅಲೆದಿರಿ, ಕೆಲಸ ಆಯಿತೇ, ಸಿಬ್ಬಂದಿ ಹೇಗೆ ನಡೆದುಕೊಂಡರು, ಕೈ ಬಿಸಿ ಮಾಡಬೇಕಾಯಿತೇ. ಇವು ಅಭಿಪ್ರಾಯಗಳಲ್ಲ, ನಡೆದ ಸಂಗತಿಗಳು. ಸಿಟ್ಟಾದ ಅಧಿಕಾರಿ ತಾನೇ ಅದೇ ಪ್ರಶ್ನೆಗಳನ್ನು ಹಿಡಿದು ಇನ್ನೊಂದು ಸಮೀಕ್ಷೆ ಮಾಡಿಸಿ ವರದಿ ಸುಳ್ಳೆಂದು ತೋರಿಸಬಹುದಿತ್ತು.

ಹಾಗೆಂದು ವಿಧಾನ ನಿರ್ದೋಷಿಯಲ್ಲ. ಸಂಗತಿಗಳ ಜೊತೆ ತೃಪ್ತಿಯನ್ನೂ ಅಳೆದರು; ತೃಪ್ತಿ ಎನ್ನುವುದು ನಿರೀಕ್ಷೆಯ ಮಗು. ವಾರಕ್ಕೆರಡು ದಿನ ನೀರು ಬಂದರೆ ಸಾಕೆಂದುಕೊಂಡವರು ಮೂರು ದಿನ ಬಂದರೆ ಸಂತೋಷಪಡುತ್ತಾರೆ. ಇಪ್ಪತ್ತನಾಲ್ಕು ಗಂಟೆ ನೀರು ಕಂಡವರು ಒಂದು ಸಂಜೆ ನಲ್ಲಿ ಒಣಗಿದರೆ ರೇಗುತ್ತಾರೆ. ಕೊಳೆಗೇರಿಯ ತೃಪ್ತಿ, ಬಡಾವಣೆಯ ಅತೃಪ್ತಿ ಎರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಿದರೆ ಬಡವನ ಸಹನೆ ಇಲಾಖೆಯ ಸಾಧನೆಯಾಗಿಬಿಡುತ್ತದೆ.

ಸಂಸ್ಥೆಗೆ ಕಠಿಣ ಪರೀಕ್ಷೆ ಬಂದದ್ದು ಅಂಕಗಳು ಏರಿದಾಗ. 1999ರ ಎರಡನೆಯ ಸಮೀಕ್ಷೆಯಲ್ಲಿ ಒಂದಿಷ್ಟು ಸುಧಾರಣೆ ಕಂಡಿತು, 2003ರ ಮೂರನೆಯದರಲ್ಲಿ ಎದ್ದು ಕಾಣುವಷ್ಟು. ಇದು ಅಂಕಪಟ್ಟಿಯ ಫಲವೇ? ನಡುವೆ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದರು, ನಗರ ಸುಧಾರಣೆಗೆಂದು ನಂದನ್ ನಿಲೇಕಣಿ ಅಧ್ಯಕ್ಷತೆಯ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಇತ್ತು, ಐಟಿ ಕಂಪನಿಗಳ ಒತ್ತಡವಿತ್ತು. ಸರ್ಕಾರವನ್ನು ಬೈಯಲು ಧೈರ್ಯ ಸಾಕು. ಒಳ್ಳೆಯ ಬದಲಾವಣೆಯಲ್ಲಿ ತನ್ನ ಪಾಲೆಷ್ಟು ಎಂಬುದು ಸಾಬೀತಾಗಿಲ್ಲ ಎಂದು ದೇಣಿಗೆ ಕೊಟ್ಟವರ ಮುಂದೆ ಹೇಳಲು ಬೇಕಾದದ್ದು ಬೇರೆಯದೇ ಶಿಸ್ತು. ಪರಿಣಾಮದ ಲೆಕ್ಕವನ್ನು ಹೊರಗಿನವರ ಕೈಗೆ ಬಿಡುವುದೇ ಲೇಸು.

ಹಣದ ಹೊರತಾಗಿ ಇನ್ನೊಂದು ಅವಲಂಬನೆ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಮನೆಯ ಬಾಗಿಲು ತಟ್ಟಬೇಕೆಂದು ಆರಿಸಲು ಸ್ವತಂತ್ರ ಸಂಸ್ಥೆಗೂ ಸರ್ಕಾರದ ಜನಗಣತಿಯೇ ಆಧಾರ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. 2011ರ ಪಟ್ಟಿ ಹಿಡಿದು ಹೊರಟರೆ ಸರ್ಜಾಪುರ ರಸ್ತೆಯಲ್ಲಿ ಆಮೇಲೆ ಎದ್ದ ಅಪಾರ್ಟ್‌ಮೆಂಟುಗಳೂ ಅವುಗಳ ಬೆನ್ನಿಗೇ ಹುಟ್ಟಿದ ತಗಡಿನ ಶೆಡ್ಡುಗಳೂ ಲೆಕ್ಕಕ್ಕೆ ಸಿಗುವುದಿಲ್ಲ. ಈ ಕೊರತೆಯನ್ನು ವರದಿಯ ಅನುಬಂಧದ ಸಣ್ಣಕ್ಷರದಲ್ಲಿ ಅಡಗಿಸಿಡದೆ ಮೊದಲ ಪುಟದಲ್ಲೇ, ಶೇಕಡಾವಾರು ಅಂಕಿಗಳ ಪಕ್ಕದಲ್ಲೇ ಅಚ್ಚು ಹಾಕಬೇಕು.